ತಾಳಿ ತೆಗೆದಿಟ್ಟು ಕೆತ್ತುವ ಕೆಲಸ

ಗುಜರಾತಿನ ಮಕರಪುರದ ಟೂಲ್ಸ್ ಅಂಗಡಿಯಲ್ಲಿ ಬಿಲ್ಲಿಗೆ ಸಾಲಿನಲ್ಲಿ ನಿಂತಿದ್ದ ನಿತಿನ್‌ನ ಮುಂದೆಯೇ ದಂಪತಿಗಳಿಬ್ಬರು ಕನ್ನಡದಲ್ಲಿ ವಾದಕ್ಕಿಳಿದರು. ಹೆಂಡತಿಯ ಕೈಯಲ್ಲಿ ಮರ ಕೆತ್ತುವ ಕರೆಂಟಿನ ಮಿಷನ್ನಿನ ಡಬ್ಬ ಇತ್ತು. ನಿತಿನ್ ಮುಖವನ್ನು ಗುಜರಾತಿ ಮಾಡಿಕೊಂಡು, ಕಿವಿಯನ್ನು ಮಾತ್ರ ಕನ್ನಡದಲ್ಲೇ ಬಿಟ್ಟ.

"ಗ್ಲೌಸು ತಗೊಳ್ಳೇ ಪದ್ಮಾ."

"ಮಿಷನ್ನಿನ ತಿರುಗೋ ಮೊನೆಗೆ ಗ್ಲೌಸು ಸಿಕ್ಕಿದ್ರೆ ಬೆರಳನ್ನೂ ಎಳ್ಕೊಂಡು ಹೋಗುತ್ತೆ. ಕನ್ನಡಕ, ಮಾಸ್ಕು, ಮರ ಬಿಗಿಯೋಕೆ ಕ್ಲಾಂಪು, ಎಲ್ಲಾ ತಗೊಂಡಾಯ್ತು."

"ಸೆರಗು?"

"ಚೂಡಿದಾರ್ ಹಾಕ್ಕೋತೀನಿ. ಬಳೆ ತೆಗೀತೀನಿ. ತಾಳೀನೂ ತೆಗೆದಿಡ್ತೀನಿ."

"ಏನಂದೆ?"

"ತಾಳಿ ಅಂದೆ."

"ಮನೇಲಿ ಅಮ್ಮ ಇದಾಳೆ ಕಣೇ. ಬಟ್ಟೆಯೊಳಗೆ ಸೇರಿಸ್ಕೊಂಡ್ರಾಯ್ತು."

"ಬಗ್ಗಿದಾಗ ಹೊರಗೆ ಬರುತ್ತೆ. ಮಿಷನ್ನಿಗೆ ಸುತ್ಕೊಂಡ್ರೆ ನಿಮ್ಮಮ್ಮ ಬಂದು ಬಿಡಿಸ್ತಾರಾ?"

"ನಾನಿನ್ನೂ ಬದುಕಿದೀನಲ್ಲೇ."

"ನಾನೂ ಬದುಕಿರ್ಬೇಕಲ್ಲ. ಕೊಯಾಲಿ ರಿಫೈನರೀಲಿ ನೀವು ಸೇಫ್ಟಿ ಆಫೀಸರ್ ಆಗಿದ್ದಾಗ ಉಂಗುರ ಹಾಕಿದೋರನ್ನ ಮಿಷನ್ ಹತ್ರ ಬಿಡ್ತಿದ್ರಾ?"

"ಅದು ಪ್ಲಾಂಟು."

"ನಾನು ಕೆತ್ತೋ ಬಾಲ್ಕನಿ ನನ್ನ ಪ್ಲಾಂಟು. ಅಲ್ಲಿ ಆಫೀಸರು ನಾನು."

ಪದ್ಮಾರ ಯಜಮಾನರು ಮಿಷನ್ನಿನ ಡಬ್ಬವನ್ನು ಒಮ್ಮೆ ಅತ್ತಿತ್ತ ತಿರುಗಿಸಿ ನೋಡಿದರು.

"ತಾಳಿ ಎಲ್ಲೇ ಅಂತ ಅಮ್ಮ ಕೇಳಿದ್ರೆ?"

"ನಿಮ್ಮ ಮಗನ ಜೇಬಲ್ಲಿದೆ ಅಂತೀನಿ. ಕೆಲಸ ಮುಗಿಯೋವರೆಗೂ ನೀವು ಅವರ ಪಕ್ಕ ಕೂತಿರಿ."

"ನಾನಾ?"

"ಕಟ್ಟಿದೋರು ನೀವೇ ತಾನೆ? ಸ್ವಲ್ಪ ಹೊತ್ತು ಇಟ್ಕೊಂಡೂ ಇರಿ."

ಬಿಲ್ಲು ಮುಗಿಯಿತು. ಡಬ್ಬವನ್ನು ಆಕೆಯೇ ಎತ್ತಿಕೊಂಡರು. ಆಟೋ ಹತ್ತುತ್ತಾ ಆಕೆ ಹೇಳಿದ್ದು ನಿತಿನ್‌ಗೆ ಅಂಗಡಿಯೊಳಗೂ ಕೇಳಿಸಿತು:

"ಜೇಬಿಗೆ ಗುಂಡಿ ಇರೋ ಶರ್ಟೇ ಹಾಕ್ಕೊಳ್ಳಿ."