ಪಟ್ಟಿಯ ಕೀಲಿ ಯಾರ ಕೈಯಾಗಿತ್ತು?

ಮೂರು ದಿನದಿಂದ ಈ ಮಠದ ಪ್ರವಚನದಾಗ ನಾವು ಉಪಕಾರ ಸ್ಮರಣೆ ಬಗ್ಗೆ ಮಾತಾಡಾಕತ್ತೀವಿ. ಇವತ್ತು ಒಬ್ಬ ಶ್ರೀಮಂತರ ಕಥಿ ಕೇಳ್ರಿ.

ಗುಳೇದಗುಡ್ಡದಾಗ ಚನ್ನವೀರಪ್ಪ ಅಂತ ಇದ್ರು. ದವಾಖಾನಿ ಕಂಪೌಂಡರ್. ಹೊಲ ಇಲ್ಲ, ಇದ್ದ ಮನಿನೂ ಬಾಡಿಗಿದು. ನಗಬ್ಯಾಡ್ರಿ, ನಾನು ಶ್ರೀಮಂತರು ಅಂತನ ಅಂತೀನಿ. ಯಾಕ? ಅವರು ಒಂದು ಮಾತು ಅಂದ್ರ ಸಾಕು, ರಕ್ತ ಕೊಡಾಕ ನಾಕುನೂರು ಮಂದಿ ತೋಳು ಮುಂದ ಮಾಡ್ತಿದ್ರು. ಅದಕ್ಕಿಂತ ದೊಡ್ಡ ಆಸ್ತಿ ಯಾವುದ್ರಿ?

ಆ ನಾಕುನೂರು ಮಂದಿ ಹೆಸರು, ರಕ್ತದ ಗುಂಪು, ಫೋನ್ ನಂಬರು, ಎಲ್ಲಾ ಅವರ ಒಪ್ಪಿಗಿ ತಗೊಂಡು ಒಂದು ವೆಬ್‌ಸೈಟಿನಾಗ ಹಾಕಿಸಿದ್ರು. ಯಾವ ಊರಾಗ ಯಾರಿಗೆ ಬೇಕಾದ್ರೂ ಮೊಬೈಲ್ ತಗದ್ರ ಪಟ್ಟಿ ಸಿಗ್ತಿತ್ತು.

ಚನ್ನವೀರಪ್ಪನವರು ತೀರಿಕೊಂಡ್ರು. ಪಟ್ಟಿ ಮಗಳು ದಾಕ್ಷಾಯಣಿ ಪಾಲಿಗೆ ಬಂತು. ಎರಡು ವರ್ಷ ಆಕಿ ಅದರ ಕಡೆ ಹೊಳ್ಳಿ ನೋಡಲಿಲ್ಲ. ತಾನಾಗೇ ನಡೀತೈತಿ ಅಂತ ತಿಳಕೊಂಡಿದ್ಲು. ಒಂದಿನ ಪಟ್ಟಿಯಾಗಿದ್ದ ಅಪ್ಪನ ನಂಬರಿಗೆ ಗುರುತಿಲ್ಲದ ಹೆಣ್ಮಗಳೊಬ್ಬಾಕಿ ಫೋನ್ ಮಾಡಿದ್ಲು.

"ತಾಯಿ, ನಿಮ್ಮ ಪಟ್ಟಿಯಿಂದ ನಮ್ಮ ಯಜಮಾನ್ರ ಹೆಸರು ತಗೀರಿ. ಅವರು ಹೋಗಿ ಆರು ತಿಂಗಳಾತು. ರಕ್ತ ಬೇಕಂತ ಜನ ಅಳಕೋತ ಫೋನ್ ಮಾಡ್ತಾರ. ಅವರಿಲ್ಲ ಅಂತ ಪ್ರತಿ ಸಲ ನಾನ ಹೇಳಬೇಕು. ಹೇಳಿದಾಗೊಮ್ಮೆ ಅವರು ಮತ್ತ ಹೋದಂಗ ಆಗತೈತಿ."

ದಾಕ್ಷಾಯಣಿ ಅವತ್ತ ವೆಬ್‌ಸೈಟ್ ತಿದ್ದಾಕ ಕುಂತ್ಲು. ಒಳಗ ಹೋಗಾಕ ಇಮೇಲ್ ಕೇಳ್ತು. ಅಪ್ಪನ ಇಮೇಲ್ ಹಾಕಿದ್ಲು. ಅಲ್ಲ ಅಂತು. ತನ್ನದು ಹಾಕಿದ್ಲು, ತಮ್ಮನದು ಹಾಕಿದ್ಲು. ಅಲ್ಲ, ಅಲ್ಲ. ವೆಬ್‌ಸೈಟ್ ನಡಸೂ ಕಂಪನಿಗೆ ಅಪ್ಪನ ಮರಣ ಪ್ರಮಾಣಪತ್ರ ಕಳಿಸಿದ್ಲು. ಅವರು, "ಇನ್ನೊಬ್ಬರ ಇಮೇಲ್ ನಾವು ಹೇಳೂವಂಗಿಲ್ಲ ಮೇಡಂ. ಮೊದಲ ಅಕ್ಷರ ಅಷ್ಟ ಹೇಳ್ತೀವಿ, ಝಡ್" ಅಂದ್ರು.

ಝಡ್! ಚನ್ನವೀರಪ್ಪ ಅನ್ನೂದ್ರಾಗ ಝಡ್ ಎಲ್ಲೈತ್ರಿ? ಇಡೀ ಮನಿತನದಾಗ ಎಲ್ಲೈತಿ?

ಆಗ ಅಡಿಗಿಮನಿಯಿಂದ ಅವ್ವ ಅಂದ್ಲು, "ಬಸ್‌ಸ್ಟ್ಯಾಂಡ್ ಹತ್ರ ಟೈಪಿಂಗ್ ಅಂಗಡಿ ಇಟ್ಟಿದ್ಲಲ್ಲ, ಜೈಬುನ್ನಿಸಾ? ನಿಮ್ಮಪ್ಪ ಆಕಿ ಅಂಗಡ್ಯಾಗ ಕುಂಡ್ರತಿದ್ರು."

ಜೈಬುನ್ನಿಸಾ, ಇಂಗ್ಲಿಷಿನಾಗ ಬರದ್ರ ಮೊದಲ ಅಕ್ಷರ ಝಡ್! ಹೋಗಿ ನೋಡಿದ್ರ ಅಂಗಡಿ ಮುಚ್ಚಿತ್ತು. ಕೇಳಕೋತ ಕೇಳಕೋತ ದಾಕ್ಷಾಯಣಿ ಇಳಕಲ್ಲಿನಾಗ ಆಕಿ ಮಗಳ ಮನಿ ಮುಟ್ಟಿದ್ಲು. ಅರವತ್ತು ದಾಟಿದ ಜೈಬುನ್ನಿಸಾ ಮೊದಲು ಚಹಾ ಕೊಟ್ಟು, ಆಮ್ಯಾಲೆ ತನ್ನ ಫೋನ್ ತಗದು ತೋರಿಸಿದ್ಲು. ಆ ವೆಬ್‌ಸೈಟಿನವರು ಇಮೇಲಿಗೆ ಕಳಿಸಿದ ಹನ್ನೊಂದು ವರ್ಷದ ಪತ್ರ, ಒಂದೂ ಅಳಿಸಿರಲಿಲ್ಲ.

"ನಿಮ್ಮಪ್ಪಾರು ಹೆಸರು ಹೇಳ್ತಿದ್ರವ್ವಾ, ನಾ ಟೈಪ್ ಮಾಡ್ತಿದ್ದೆ. ಅವರಿಗೆ ಆಗ ಇಮೇಲ್ ಇರಲಿಲ್ಲ, ನಂದ ಹಾಕಿದ್ವಿ. ಇದು ಪುಕ್ಕಟೆ ಜಾಗ. ವರ್ಷಕ್ಕೊಮ್ಮೆ ಪತ್ರ ಬರತೈತಿ, ಇನ್ನೂ ಬೇಕೇನು ಅಂತ. ಬೇಕು ಅಂತ ಒತ್ತಲಿಲ್ಲಂದ್ರ ಅಳಿಸಿಬಿಡ್ತಾರ. ಅವರು ಹೋದಮ್ಯಾಲೂ ಎರಡು ಸಲ ಒತ್ತೀನಿ."

"ಯಾರೂ ಹೇಳಿರಲಿಲ್ಲಲ್ಲ ಚಾಚಿ, ಯಾಕ ಒತ್ತಿದ್ರಿ?"

"ಯಾರಿಗರ ಬೇಕಾಗತೈತಲ್ಲವ್ವಾ."

ನೋಡ್ರಿ, ಇಷ್ಟ. ಇಷ್ಟ ಮಾತು ಅಂದ್ಲು.

ಚಾಚಿ ಇಮೇಲ್ ಹಾಕಿದ ಕೂಡ್ಲೆ ಆಕಿ ಫೋನಿಗೆ ಗುಟ್ಟಿನ ಆರು ಅಂಕಿ ಬಂದ್ವು, ಆಕಿ ಓದಿದ್ಲು, ದಾಕ್ಷಾಯಣಿ ಹಾಕಿದ್ಲು. ಪಟ್ಟಿಯ ಬಾಗಿಲು ತೆರೀತು. ಮೊದಲು ಆ ತೀರಿಹೋದವರ ಹೆಸರು ತಗದ್ಲು. ಆಮ್ಯಾಲೆ ಅಪ್ಪನ ಹೆಸರಿನ ಕೆಳಗ ಜೈಬುನ್ನಿಸಾ ಅಂತ ಬರೆಯಾಕ ಹೋದ್ಲು. ಚಾಚಿ ಕೈ ಹಿಡದ್ಲು.

"ಹೆಸರು ಯಾಕವ್ವಾ? ನಂಬರ್ ಹಾಕು. ನೀ ಕೆಲಸದಾಗಿದ್ರ ಫೋನ್ ನಾ ಎತ್ತತೀನಿ."

ದಾಕ್ಷಾಯಣಿ ಆಕಿ ಕಾಲು ಮುಟ್ಟಿದ್ಲು. ಹೆಸರನ್ನೂ ಬರದ್ಲು, ನಂಬರನ್ನೂ ಹಾಕಿದ್ಲು.

ಈಗ ನಿಮ್ಮನ್ನ ಕೇಳ್ತೀನಿ. ಅಪ್ಪ ಕೊಟ್ಟದ್ದು, ಅಜ್ಜ ಕೊಟ್ಟದ್ದು ಅಂತ ಎದಿ ತಟ್ಟಕೋತೀರಲ್ಲ, ಅದನ್ನ ಇಲ್ಲೀತನಕ ಕಾದವರು ಯಾರು? ಅವರ ಹೆಸರು ಗೊತ್ತೈತೇನು? ಗೊತ್ತಿಲ್ಲಂದ್ರ ಮನಿಯಾಗಿನ ಹಿರ್ಯಾರನ್ನ ಕೇಳ್ರಿ. ಈ ಕಥಿ ಕೇಳಿದಮ್ಯಾಲೆ ನಾನೂ ಕೇಳೀನಿ. ನಮ್ಮ ಮಠದ ಓಲೆಗರಿ ಇಪ್ಪತ್ತು ವರ್ಷ ಒಂದೂ ಹುಳ ಬೀಳದಂಗ ಕಾದಾಕಿ ಕಸ ಹೊಡಿಯೂ ಶಿವಗಂಗವ್ವ. ಒಂದು ದಿನನೂ ಆಕಿಗೆ ಕೈ ಮುಗದಿರಲಿಲ್ಲ ನಾನು. ಹೋಗಿ ಮುಗದು ಬಂದೆ.

ನೀವೂ ಹೋಗ್ರಿ. ಫೋನಿನಾಗ ಹೂವಿನ ಚಿತ್ರ ಕಳಿಸಿ ಕೈ ತೊಳಕೋಬ್ಯಾಡ್ರಿ, ಅವರ ಮನಿತನಕ ಹೋಗ್ರಿ. ಇನ್ನೊಂದು ಮಾತು. ನಾಕು ಮಂದಿಗೆ ಬೇಕಾದ ಕೆಲಸ ನಿಮ್ಮ ಕೈಯಾಗ ನಡದಿದ್ರ, ಅದರ ಕೀಲಿ ಎಲ್ಲೈತಿ, ಯಾರ ಹೆಸರಿನಾಗೈತಿ, ಅದನ್ನ ಮನಿಯವರಿಗೆ ಇವತ್ತ ಹೇಳಿಡ್ರಿ. ಹೇಳೂವಾಗ ಜೊತಿಗೆ ದುಡದವರ ಹೆಸರೂ ಹೇಳ್ರಿ. ಮಕ್ಕಳಿಗೆ ಬರೇ ಆಸ್ತಿ ಗೊತ್ತಾದ್ರ ಸಾಲದು, ಯಾರಿಗೆ ಕೈ ಮುಗೀಬೇಕು ಅನ್ನೂದೂ ಗೊತ್ತಾಗಬೇಕು.