ಬಾತಿ ಬಾವಿಯ ಮೂರನೇ ಕೂಗು

ಹನುಮೇಶ ನಮ್ಮೂರು ಬಾತಿಯಲ್ಲಿ ಕೊನೇ ಬಸ್ಸು ಇಳಿದಾಗ ರಸ್ತೆಯಲ್ಲಿ ನರಪಿಳ್ಳೆ ಇರಲಿಲ್ಲ. ನಮ್ಮ ಪಕ್ಕದ ಮನೆ ಓಬಕ್ಕನ ಮಗ ಅವನು, ಹರಿಹರದಲ್ಲಿ ಟ್ರಾಕ್ಟರ್ ರಿಪೇರಿ ಕೆಲಸ. ಮನೆ ಸೇರಬೇಕಾದರೆ ಹಾಳುಬಾವಿ ದಾಟಲೇಬೇಕು. ದಿನಾ ಅಲ್ಲಿ ಹಾಡು ಗುನುಗುತ್ತಾ ಬಿರಬಿರನೆ ನಡೆಯುವವನು, ಅವತ್ತು ಕಾಲೆಳೆದುಕೊಂಡು ಹೊರಟಿದ್ದ.

ಆಗಿದ್ದಿಷ್ಟು. ಅವನ ಜೀವದ ಗೆಳೆಯ ಕರಿಬಸವರಾಜ, ದಾವಣಗೆರೆ ವಿದ್ಯಾನಗರದ ರೂಮಿನಲ್ಲಿ ಕೂತು ಫೋನಿನಲ್ಲಿ ಆಡುವ ಗೇಮ್ ಮಾಡುತ್ತಿದ್ದ. ಕಳೆದುಹೋದ ಗೆಳೆಯನನ್ನು ರಾತ್ರಿಯೆಲ್ಲ ಹುಡುಕುವವನ ಕತೆ. ಆ ಹೀರೋಗೆ ದನಿ ಕೊಟ್ಟವನು ನಮ್ಮ ಹನುಮೇಶ. ಸದ್ದು ಬರಬಾರದೆಂದು ಫ್ಯಾನ್ ಆರಿಸಿ, ಬೇಸಿಗೆ ಪೂರ್ತಿ ಬೆವರು ಸುರಿಸಿಕೊಂಡು ಮಾತಾಡಿದ. ಒಂದೊಂದು ಮಾತನ್ನೂ ಕರಿಬಸವರಾಜ ಮೂರು ಸಲ ಹೇಳಿಸುತ್ತಿದ್ದ. ಮೆಲ್ಲಗೆ, ಆಮೇಲೆ ಸ್ವಲ್ಪ ಜೋರಾಗಿ, ಕೊನೆಗೆ ಗಂಟಲು ಬಿಚ್ಚಿ. ಮಗನ ದನಿ ಫೋನಿನಲ್ಲಿ ಬರುತ್ತದೆ ಅಂತ ಓಬಕ್ಕ ಓಣಿ ತುಂಬಾ ಹೇಳಿಕೊಂಡು ಬಂದಿದ್ದಳು.

ಅವತ್ತು ಸಂಜೆ ಕರಿಬಸವರಾಜ ಆ ರೂಮಿನಲ್ಲೇ ಗೆಳೆಯರನ್ನೆಲ್ಲ ಕೂಡಿಸಿ ಗೇಮ್ ತೋರಿಸಿದರೆ... ಹೀರೋ ತುಟಿ ಬಿಚ್ಚಲೇ ಇಲ್ಲ.

"ಬಸ್ಯಾ, ನನ್ನ ದನಿ ಎಲ್ಲೋ?"

"ತೆಗ್ದೆ ಕಣೋ. ದೊಡ್ಡ ದೊಡ್ಡ ಗೇಮ್ನಾಗ ಹೀರೋ ಮಾತಾಡಲ್ಲ. ಸಿನಿಮಾದಾಗೂ ಹಂಗೇ ಐತೆ ಈಗ. ಅವ್ನು ಸುಮ್ನಿದ್ರೆ ಆಡೋನು ತಾನೇ ಹೀರೋ ಅನ್ಕೋತಾನೆ."

"ಮತ್ತೆ ಮೊನ್ನೆ ತನಕ ಯಾಕ ಮಾತಾಡ್ಸಿದಿ?"

"ಹೀರೋ ಮುಖ ಮಾಡೋಕೆ, ಮಾತಾಡೋವಾಗ ನಿನ್ ಮುಖ ಹೆಂಗಾಗ್ತೈತೆ ಅಂತ ವಿಡಿಯೋ ಬೇಕಿತ್ತು."

ಮುಖ ಇಟ್ಟುಕೊಂಡು ದನಿ ಎಸೆದಿದ್ದ! ಮೊದಲೇ ಹೇಳಿದ್ದರೆ ಹನುಮೇಶ ನಕ್ಕು ಮುಖ ಕೊಡುತ್ತಿದ್ದ, ಅಂಥ ಹುಡುಗ. ನನ್ನ ಕೇಳಿದರೆ ಇದು ನಂಬಿದವನ ಕತ್ತು ಕೊಯ್ಯುವ ಕೆಲಸ. ಅವ್ವನಿಗೆ ಏನು ಹೇಳಲಿ ಅಂತ ಯೋಚಿಸುತ್ತಲೇ ಹನುಮೇಶ ಬಾವಿ ಹತ್ತಿರ ಬಂದ.

ಕಿರ್ರ್ ಎನ್ನುತ್ತಿದ್ದ ಜೀರುಂಡೆ ತಟ್ಟನೆ ನಿಂತಿತು. ಬಾವಿಯೊಳಗೆ ಕಲ್ಲು ಜಾರಿದ ಸದ್ದು... ಟಕ್... ಟಕ್... ಡುಬುಕ್.

ಆಮೇಲೆ ದನಿ. ಮೆಲ್ಲಗೆ.

"ಲೇ... ಬಾರೋ... ಇಲ್ಲೇ ಇದೀನಿ."

ಅದು ಅವನದೇ ದನಿ. ಗೇಮಿಗೆಂದು ಅವನೇ ಹೇಳಿದ್ದ ಮಾತು.

ಕತ್ತಲಲ್ಲಿ ಯಾರು ಕರೆದರೂ ಎರಡು ಕೂಗಿನ ತನಕ ಓಗೊಡಬಾರದು, ಓಗೊಟ್ಟವನ ದನಿ ದೆವ್ವದ ಪಾಲು. ದೆವ್ವಕ್ಕೆ ಮೂರನೇ ಸಲ ಕೂಗಲು ಬರುವುದಿಲ್ಲ. ಇದು ನಮ್ಮ ಕಡೆ ಹಾಲು ಕುಡಿಯುವ ಮಕ್ಕಳಿಗೂ ಗೊತ್ತು. ಹನುಮೇಶ ಹಲ್ಲು ಕಚ್ಚಿ ನಿಂತ.

ಎರಡನೇ ಸಲ, ಸ್ವಲ್ಪ ಜೋರಾಗಿ. "ಲೇ... ಬಾರೋ..."

ಉಸಿರು ಬಿಡಲಿಲ್ಲ.

ಮೂರನೇ ಸಲ... ಗಂಟಲು ಬಿಚ್ಚಿ.

ಅಬ್ಬಾ, ಹೋದ ಜೀವ ಬಂತು. ಮೂರು ಸಲ ಕೂಗಿತೆಂದರೆ ಮನುಷ್ಯನೇ. ಬಸ್ಯಾ ಬೈಕಿನಲ್ಲಿ ಮುಂದೆ ಬಂದು, ಕಟ್ಟೆ ಹಿಂದೆ ಕೂತು ಫೋನಿನಲ್ಲಿ ದನಿ ಹಾಕುತ್ತಿದ್ದಾನೆ, ರಾಜಿ ಮಾಡಿಕೊಳ್ಳೋಕೆ ಬಂದಿದ್ದಾನೆ ಅಂದುಕೊಂಡ. ಸಿಟ್ಟೆಲ್ಲ ಕರಗಿ ಕಣ್ಣು ತುಂಬಿತು. ಪ್ರತಿ ಮಾತನ್ನೂ ಮೂರು ಸಲ ಹೇಳಿ, ದೆವ್ವಕ್ಕೆ ಮೂರನೇ ಕೂಗು ಕೊಟ್ಟವನು ತಾನೇ ಅನ್ನುವುದು ಹೊಳೆಯಲೇ ಇಲ್ಲ ನೋಡಿ.

"ಬಸ್ಯಾ... ನೀನೇನೋ?"

ಕಟ್ಟೆ ಹಿಂದೆ ಇಣುಕಿದರೆ ಯಾರೂ ಇಲ್ಲ. ಜೀರುಂಡೆ ಮತ್ತೆ ಕಿರ್ರ್ ಎಂದಿತು.

ಮನೆ ಬಾಗಿಲು ತೆಗೆದ ಓಬಕ್ಕ, "ಉಂಡ್ಯೇನಪ್ಪಾ?" ಅಂದಳು. ಹನುಮೇಶನ ತುಟಿ ಆಡಿತು. ಬರೀ ಗಾಳಿ... ಹಸ್... ಹಸ್. ದಾವಣಗೆರೆಯ ಡಾಕ್ಟರು ಬ್ಯಾಟರಿ ಬಿಟ್ಟು ನೋಡಿ, ಗಂಟಲಿಗೆ ಏನೂ ಆಗಿಲ್ಲ ಅಂದರು. ಬಾವಿ ಹತ್ತಿರ ನಡೆದದ್ದನ್ನೆಲ್ಲ ಹನುಮೇಶ ಹಾಳೆ ಮೇಲೆ ಬರೆದು ತೋರಿಸಿದ.

ವಾರ ಕಳೆದ ಮೇಲೆ ಕರಿಬಸವರಾಜ ಬಂದ. ನೆಲದ ಮೇಲೇ ಕೂತ.

"ಆ ರೆಕಾರ್ಡಿಂಗ್ ಎಲ್ಲಾ ಅಳಿಸಿದೀನಿ ಬೇ ಯವ್ವಾ. ಅವತ್ತು ರಾತ್ರಿ ರೂಮ್ ಬಿಟ್ಟು ಎಲ್ಲೂ ಬಂದಿಲ್ಲ, ನಿನ್ನಾಣೆ."

ಓಬಕ್ಕ ಎದ್ದು ಹೊರಗೆ ಹೋದಳು. ಓಣಿಯ ಹುಡುಗರು ಆಡುತ್ತಿದ್ದ ಫೋನ್ ಇಸಿದುಕೊಂಡು ಅವನ ಮುಂದಿಟ್ಟಳು. ಆ ವಾರ ಎಲ್ಲರಿಗೂ ಆಡಲು ಬಿಟ್ಟಿದ್ದ ಅವನದೇ ಗೇಮು. ಹೀರೋ ನಡೆದ... ಬಾವಿ ಹತ್ತಿರ ನಿಂತ... ತುಟಿ ಬಿಚ್ಚಿದ.

"ಬಸ್ಯಾ... ನೀನೇನೋ?"

ಹನುಮೇಶನ ದನಿ. ಯಾರೂ ಬರೆಯದ ಮಾತು, ಯಾರೂ ರೆಕಾರ್ಡ್ ಮಾಡದ ಮಾತು. ಹನುಮೇಶ ಗೆಳೆಯನ ಮುಖವನ್ನೇ ನೋಡುತ್ತಿದ್ದ.

ಆಗ ಫೋನಿನೊಳಗಿಂದ, ಬಹಳ ಮೆಲ್ಲಗೆ, ಇನ್ನೊಬ್ಬರು "ಹೂಂ" ಅಂದರು.

ಸುಳ್ಳಲ್ಲರೀ. ಬಾಗಿಲಲ್ಲಿ ನಿಂತಿದ್ದ ನಾವೆಲ್ಲ ಕಿವಿಯಾರೆ ಕೇಳಿದ್ದೀವಿ. ಅದು ಕರಿಬಸವರಾಜನ ದನಿ. ಅವನು ಮಾತ್ರ ನಮ್ಮೆದುರಿಗೇ ತುಟಿ ಬಿಗಿದುಕೊಂಡು ಕೂತಿದ್ದ.