ಐದೂವರೆ ತನಕದ ಕ್ಲಾಸು

...ಅಯ್ಯೋ ಬೇಡಮ್ಮ, ಕಾಫಿ ಗೀಫಿ ಏನೂ ಬೇಡ! ಮಗಳ ಮಿಸ್ಸು ಬಂದ್ರು ಅಂತ ನಿಂತ್ಕೋಬೇಡಿ, ಕೂತ್ಕೊಳ್ಳಿ ಮುನಿಲಕ್ಷ್ಮಮ್ಮ. ಸ್ಕೂಲ್ ಇನ್ಸ್‌ಪೆಕ್ಟರ್ ಬಸವಲಿಂಗಪ್ಪನೋರು ಆಗಲೇ ಸ್ಕೂಲಿಂದ ಹೊರಟಿದಾರೆ. ಇನ್ನೇನು ನಿಮ್ಮನೆಗೇ ಬರ್ತಾರೆ. ಗಂಗಾ ಮಲಗಿದಾಳಾ? ಮಲಗ್ಲಿ, ಎಬ್ಬಿಸ್ಬೇಡಿ. ಕಾಲಿನ ಕಟ್ಟು ಯಾವಾಗ ಬಿಚ್ತಾರಂತೆ?... ಹೋಗ್ಲಿ, ಬಿಡಿ.

ಅವರು ಕೇಳೋದು ಒಂದೇ ಮಾತು. ಅವತ್ತು ಸಂಜೆ ಕ್ಲಾಸು ನಡೀತಿತ್ತಾ, ಇಲ್ವಾ? 'ನಡೀತಿತ್ತು ಸಾರ್, ಇವಳೇ ಹೇಳ್ದೆ ಕೇಳ್ದೆ ಓಡಿಬಂದ್ಲು' ಅಂದ್ಬಿಡಿ. ಅಷ್ಟೇ! ಅಷ್ಟು ಹೇಳೋಕೆ ನಿಮ್ಮ ಗಂಟೇನು ಹೋಗುತ್ತೆ?

...ಯಾಕೆ ನಗ್ತೀರಿ? ನಗೋ ಹೊತ್ತಾ ಇದು!

ನೀವು ಬೇರೆ ಏನಾದ್ರೂ ಅಂದ್ರೆ ಗ್ರ್ಯಾಂಟು ನಿಂತುಹೋಗುತ್ತೆ. ನನ್ನ ಕೆಲಸದ ಮಾತಿರ್ಲಿ... ಅದೂ ಹೋಗುತ್ತೆ, ಇಲ್ಲ ಅನ್ನಲ್ಲ. ಆ ಮೂವತ್ತೆರಡು ಮಕ್ಕಳ ಗತಿ? ಅಪ್ಪ ಅಮ್ಮ ದುಡಿಯೋಕೆ ಹೋದಾಗ ಮಕ್ಕಳು ಬೀದಿಲಿ ಅಲೀಬಾರ್ದು ಅಂತ ತಾನೇ ಸರ್ಕಾರ ದುಡ್ಡು ಕೊಟ್ಟಿರೋದು? ಮೂರೂವರೆಗೆ ಬಿಡೋ ಸ್ಕೂಲನ್ನ ಐದೂವರೆ ತನಕ ನಡ್ಸಿ ಅಂತ! ಇಡೀ ಕೆಂಗೇರಿಲಿ ನಮ್ಮೊಂದೇ ಸ್ಕೂಲಿಗೆ! ನೀವೂ ಆ ಧೈರ್ಯದ ಮೇಲೇ ಅಲ್ವಾ ಊದುಬತ್ತಿ ಕಾರ್ಖಾನೆಗೆ ಸೇರಿದ್ದು?

ನಾನು ಬೋರ್ಡ್ ಮೇಲೆ ಮಗ್ಗಿ ಬರೀತಿದ್ದೆ. ತಿರುಗಿ ನೋಡೋಷ್ಟರಲ್ಲಿ ಇವಳಿಲ್ಲ. ದೇವರಾಣೆ! ಮೈಸೂರು ರಸ್ತೆ ದಾಟಿ ಕಾರ್ಖಾನೆಗೆ, ನಿಮ್ಮ ಹತ್ರಾನೇ ಬರ್ತಿದ್ಲು ಪಾಪ, ಕೈಲಿ ಉಪ್ಪಿಟ್ಟಿನ ಪೊಟ್ಟಣ ಹಿಡ್ಕೊಂಡು... ಆ ಲಾರಿಯವನ ಕಣ್ಣೆಲ್ಲಿ ಹೋಗಿತ್ತೋ...

ಏನು? ಯಾಕೆ ಹಂಗೆ ನೋಡ್ತೀರಿ?

ಉಪ್ಪಿಟ್ಟಾ?... ಹೌದು, ಉಪ್ಪಿಟ್ಟು ಕೊಡೋದು ಐದೂವರೆಗೆ, ಮಕ್ಕಳನ್ನ ಮನೆಗೆ ಬಿಡೋವಾಗ. ಲಾರಿ ಗುದ್ದಿದ್ದು ನಾಲ್ಕಕ್ಕೆ... ಹಸಿವು ಅಂದ್ಲು, ಅವಳೊಬ್ಬಳಿಗೆ ಮೊದ್ಲೇ ಕೊಟ್ಟೆ. ಕೊಡಬಾರ್ದಾ? ಮಗು ಅಲ್ವಾ?

ಮಾತಾಡಿ ಮುನಿಲಕ್ಷ್ಮಮ್ಮ. ಬೈರಿ. ಬೇಕಾದ್ರೆ ಎರಡು ಬಾರಿಸಿ!

ನನಗೂ ಒಂದು ಮಗು ಇದೆ ಕಣ್ರೀ. ಎರಡು ವರ್ಷ. ಉಲ್ಲಾಳದಲ್ಲಿ ಪಕ್ಕದ ಮನೆ ಯಶೋದಮ್ಮ ನೋಡ್ಕೊಳ್ತಾರೆ, ವಾರದಲ್ಲಿ ಮೂರು ದಿನ ಅವರೂ ನಾಲ್ಕೂವರೆಗೇ ಕೆಲಸಕ್ಕೆ ಹೋಗ್ಬೇಕು. ಆಮೇಲೆ ನಮ್ಮ ಬಾಗಿಲ ಮುಂದೆ ತಂದು ಕೂರಿಸ್ತಾರೆ. ನಾಲ್ಕರ ಬಸ್ಸು ತಪ್ಪಿದ್ರೆ ಏಳರ ತನಕ ಇನ್ನೊಂದಿಲ್ಲ... ಹೂಂ. ಬೀಗ ಹಾಕ್ದೆ. ಮೂರೂಮುಕ್ಕಾಲಿಗೇ ಹಾಕ್ದೆ. ಎಲ್ಲರ ಕೈಗೂ ಪೊಟ್ಟಣ ಕೊಟ್ಟು, ಎಲ್ಲರಿಗೂ ಐದೂವರೆ ತನಕ ಹಾಜರಿ ಬರ್ದು... ಅವತ್ತೊಂದಿನ ಅಲ್ಲ. ವಾರವಾರ ಆ ಮೂರು ದಿನಾನೂ ಹಂಗೇ ಮಾಡ್ತಿದ್ದೆ.

ಗಂಗಾ ಸ್ಕೂಲಿನ ಮೆಟ್ಟಿಲ ಮೇಲೇ ಕೂತಿರ್ತಿದ್ಲು, ನೀವು ಬರೋ ತನಕ. ಅವತ್ತು ಯಾರಾದ್ರೂ ನೋಡಿದ್ರೆ ಬೇಗ ಬೀಗ ಹಾಕಿದ್ದು ಗೊತ್ತಾಗುತ್ತೆ ಅಂತ ನಾನೇ ಎಬ್ಬಿಸ್ದೆ. 'ಮನೆಗೆ ಬೀಗ ಹಾಕಿರುತ್ತೆ ಮಿಸ್, ಎಲ್ಲಿಗೆ ಹೋಗ್ಲಿ?' ಅಂದ್ಲು. ಬಸ್ಸು ಬಂದೇಬಿಟ್ಟಿತ್ತು...

'ಅಮ್ಮನ ಹತ್ರ ಹೋಗು' ಅಂದೋಳು ನಾನೇ.